ಪಾಯದ ಮಾತು

"ಎಲ್ಲೈತಿ ಅದು?"

ತಬಿತಾ ಅತ್ತೆ ಇದನ್ನು ಯಾರನ್ನೂ ಕೇಳಿದ್ದಲ್ಲ. ಮಟಮಟ ಮಧ್ಯಾಹ್ನ, ಹೊಸ್ತಿಲ ಮೇಲೆ ಕುಳಿತು, ಮಡಿಲಲ್ಲಿದ್ದ ಸತ್ಯವೇದದ ಕೊನೆಯ ಹಾಳೆ ಮಗುಚಿ, ಎದುರಿನ ಬೇವಿನ ಮರದ ಕಡೆ ನೋಡುತ್ತ ಅಂದಳು. ಒಳಗೆ ಜೋಳ ಹಸನು ಮಾಡುತ್ತಿದ್ದ ನನಗೆ ಕೇಳಿಸಿತು. ನಾನು ಮೊದಲಿನಿಂದಲೂ ಕಡಿಮೆ ಮಾತಿನವಳು. ನಮ್ಮ ಮನೆಯಲ್ಲಿ ಹೇಳುವವರು ಬಹಳ ಜನ ಇದ್ದರು, ಕೇಳುವುದಕ್ಕೆ ಯಾರಾದರೂ ಬೇಕಿತ್ತು. ಆ ವರ್ಷ ಅತ್ತೆಗೆ ಅದು ಮೂರನೆಯ ಓದು. ಆದಿಕಾಂಡದಿಂದ ಪ್ರಕಟನೆಯ ತನಕ ಮೂರು ಸಲ ಬೆರಳಿಟ್ಟು ಹುಡುಕಿದ್ದಳು. ಹುಡುಕಿದ್ದು ಆರೇ ಶಬ್ದದ ಒಂದು ಮಾತನ್ನು: 'ಹೊತ್ತವನ ಹೆಗಲ ಮೇಲೆ ದೇವರ ಕೈ ಇರುವುದು.' ನಮ್ಮ ಮನೆ ನಿಂತಿದ್ದದ್ದು ಆ ಮಾತಿನ ಮೇಲೆ.

ನಾನೀಗ ಇರುವ ಊರಿನಲ್ಲಿ ಮನೆಗಳು ಕಲ್ಲು ಸಿಮೆಂಟಿನ ಮೇಲೆ ನಿಲ್ಲುತ್ತವೆ. ಎಪ್ಪತ್ತು ದಾಟಿದರೂ ನನಗದು ಒಗ್ಗಿಲ್ಲ. ನಮ್ಮೂರಲ್ಲಿ ಪಾಯ ತೋಡಿದ ಮೇಲೆ ಮನೆಯ ಹಿರಿಯರು ಅಂಚಿನಲ್ಲಿ ಮೊಣಕಾಲೂರಿ, ಸತ್ಯವೇದದ ಒಂದು ವಚನವನ್ನು ಅದರೊಳಗೆ ಹೇಳಬೇಕಿತ್ತು. ಗೌಂಡಿ ಮೊದಲ ಕಲ್ಲು ಹಿಡಿದು ಕಾಯುತ್ತಿದ್ದ. 'ಆಮೆನ್' ಕೇಳಿಸಿದ ಮೇಲೆಯೇ ಕಲ್ಲು ಕೆಳಗಿಳಿಯುವುದು. ಆಮೇಲೆ ದಿನಾ ದೀಪ ಹಚ್ಚುವ ಹೊತ್ತಿಗೆ ಮನೆಯವರು ಆ ವಚನವನ್ನು ಒಮ್ಮೆ ಹೇಳಿಕೊಂಡರೆ ಸಾಕು, ಸುಣ್ಣ ಬಳಿಯುವುದು ಮರೆತರೂ ಗೋಡೆ ನಿಲ್ಲುತ್ತಿತ್ತು. ಅಂಚೆಯವನು ಕೂಡ ವಚನದಿಂದಲೇ ಮನೆ ಗುರುತು ಹಿಡಿಯುತ್ತಿದ್ದ. "ಕಾಣೆಯಾದ ಕುರಿ ಮನಿ ಯಾವುದ್ರೀ?" ಎಂದು ಕೇಳಿದರೆ, "ಸಾಸಿವೆ ಕಾಳಿನ ಮನಿ ದಾಟಿ ಎಡಕ್ಕ ಹೊಳ್ರಿ" ಎನ್ನುತ್ತಿದ್ದೆವು. ಕಷ್ಟದ ಮೇಲೆ ಕಷ್ಟ ಉಂಡ ಯೋಬನ ವಚನದ ಮನೆಗೆ ಹೆಣ್ಣು ಕೊಡುವುದಕ್ಕೆ ಜನ ಹಿಂದೆಮುಂದೆ ನೋಡುತ್ತಿದ್ದರು; ಮುಂಜಾನೆ ಎದ್ದ ಕೂಡಲೆ ಅಲ್ಲಿ ನಿಟ್ಟುಸಿರಂತೆ. ಸಂಜೆ ನಮ್ಮ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ಒಂದೊಂದು ಬಾಗಿಲಿನಿಂದ ಒಂದೊಂದು ವಚನ ಹೊರಗೆ ಬರುತ್ತಿತ್ತು, ರೊಟ್ಟಿ ಬೇಯುವ ವಾಸನೆಯ ಜೊತೆಗೆ. ಅಕ್ಷರ ಕಲಿಯುವ ಮೊದಲೇ ಅರ್ಧ ಕೀರ್ತನೆಗಳು ನನಗೆ ಬಾಯಿಗೆ ಬಂದದ್ದು ಹಾಗೆ. ಈಗಲೂ ಯಾರಾದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನ್ನ ತುಟಿ ತಾನಾಗಿ ಅಲುಗಾಡುತ್ತದೆ.

ಅತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಳು, ಹಾಗಾಗಿ ಊರಿಗೆಲ್ಲ 'ಅಕ್ಕಾರು'. ಅದಕ್ಕಿಂತ ದೊಡ್ಡ ಕೆಲಸ ಅವಳಿಗೆ ಇನ್ನೊಂದಿತ್ತು. ಯಾರದಾದರೂ ಮನೆ ವಾಲಿದರೆ ಗೌಂಡಿಗಿಂತ ಮೊದಲು ಅವಳನ್ನು ಕರೆಯುತ್ತಿದ್ದರು. ಅವಳು ಹೋಗಿ ನಡುಮನೆಯಲ್ಲಿ ಕುಳಿತು, "ಎಲ್ಲಾರೂ ಒಬ್ಬೊಬ್ರ ಹೇಳ್ರಿ" ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಶಬ್ದ ಎಲ್ಲಿ ಜಾರಿದೆಯೋ ಅಲ್ಲಿ ಅವಳ ಹುಬ್ಬು ಏಳುತ್ತಿತ್ತು. ಸಿಂಪಿಗ ಸಿಮೆಯೋನನ ಮನೆಯ ಕತೆ ಹೇಳಿ ನಾವು ಇವತ್ತಿಗೂ ನಗುತ್ತೇವೆ. ಅವನ ಮನೆ ವಾಲಿರಲಿಲ್ಲ, ನಡೆಯತೊಡಗಿತ್ತು. ವಾರಕ್ಕೆ ಒಂದು ಬೆರಳಿನಷ್ಟು ರಸ್ತೆಯ ಕಡೆ ಸರಿಯುತ್ತಿತ್ತು. ಅತ್ತೆ ಹೋಗಿ ಕುಳಿತಳು. ಸಿಮೆಯೋನನ ತಾಯಿಗೆ ಹಲ್ಲೆಲ್ಲ ಬಿದ್ದಿದ್ದವು. ನಮ್ಮ ಬಾಯಲ್ಲಿ ಮನೆ ಮನಿಯಾಗುತ್ತದೆ, ಆನೆ ಆನಿಯಾಗುತ್ತದೆ. ದಿನದ ಮಾತಿಗೆ ಅದರಿಂದ ಕೇಡಿಲ್ಲ. ಆದರೆ ಆ ಮುದುಕಿ ವಚನ ಹೇಳುವಾಗಲೂ, ಬುದ್ಧಿವಂತನು ಬಂಡಿಯ ಮೇಲೆ ಮನೆ ಕಟ್ಟಿದ ಎಂದಳು.

"ಏನ ಮ್ಯಾಲೆ?" ಎಂದು ಅತ್ತೆ ಕೇಳಿದಳು.

"ಬಂಡಿ ಮ್ಯಾಲೆ."

"ಮತ್ತ ಎತ್ತು ಎಲ್ಲಿ ಕಟ್ಟೀಯಬೇ?"

ಅತ್ತೆಗೆ ಆ ವಚನ ಕಂಠಪಾಠ. ಆದರೂ ಬಾಯಿಂದ ತಿದ್ದಲಿಲ್ಲ. ಪುಸ್ತಕ ತೆಗೆದು, ಓದು ಬರದ ಆ ಮುದುಕಿಯ ಬೆರಳು ಹಿಡಿದು 'ಬಂಡೆ' ಎಂಬ ಶಬ್ದದ ಮೇಲೆ ಇಟ್ಟಳು. ಆ ವಾರದಿಂದ ಮನೆ ಸರಿಯುವುದು ನಿಂತಿತು. ಯಾರ ಮನೆಗೆ ಹೋದರೂ ಹೀಗೇ. "ನೀವ ಹೇಳಿಬಿಟ್ರ ಸಾಕಲ್ರೀ ಅಕ್ಕಾರ" ಎಂದರೆ, "ನನ್ನ ಬಾಯಿ ನಂಬಬ್ಯಾಡ್ರಿ, ಬಾಯಾಗಿನ ಹಲ್ಲು ಬೀಳ್ತಾವು" ಎನ್ನುತ್ತಿದ್ದಳು. ಅದು ಅವಳು ತನ್ನ ಅಪ್ಪನಿಂದ ಕಲಿತದ್ದು.

ಅವಳ ಅಪ್ಪ, ಎಂದರೆ ನನ್ನ ಅಜ್ಜ, ಉಪದೇಶಿ ಯೋನಾತಾನಪ್ಪ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವನು, ಉಳಿದರ್ಧಕ್ಕೆ ಪ್ರಾರ್ಥನೆ. ಅಂಥವನ ಮನೆಯೇ ಅಡುಗೆಮನೆಯ ಕಡೆಗೆ ಒಂದು ಗೇಣು ವಾಲಿತ್ತು. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. "ಕೆರಿ ಮಣ್ಣು, ಅದಕ್ಕ ಹಂಗ" ಎನ್ನುತ್ತಿದ್ದರು. ಕೆರೆ ಇದ್ದದ್ದು ಊರಿನ ಆಚೆ ತುದಿಗೆ. ನಾವು ಹುಟ್ಟಿದ್ದೇ ಆ ಇಳಿಜಾರಿನಲ್ಲಿ, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಮಂಚದ ಎರಡು ಕಾಲಿಗೆ ಹಂಚಿನ ಚೂರು ಕೊಟ್ಟಿದ್ದೆವು. ಅವ್ವ ಸಾರು ಬಡಿಸುವಾಗ ತಟ್ಟೆಯ ಮೇಲ್ಗಡೆ ಅಂಚಿಗೆ ಹಾಕುತ್ತಿದ್ದಳು. ಅದು ತಾನಾಗಿ ಅನ್ನದ ಕಡೆ ಬರುತ್ತಿತ್ತು. ಅಜ್ಜನ ಫೋಟೋ ಮೊಳೆಯಲ್ಲಿ ತೂಗುಬಿದ್ದು ಗೋಡೆಯಿಂದ ದೂರ ನಿಂತು, ಮಾತಾಡಿಸಲು ಬಾಗಿದವನ ಹಾಗೆ ಕಾಣುತ್ತಿತ್ತು. ಲಿಂಬೆಹಣ್ಣು ಕೈಜಾರಿದರೆ ನಾವು ಹುಡುಕುತ್ತಿರಲಿಲ್ಲ, ನೆಟ್ಟಗೆ ಒಲೆಯ ಹತ್ತಿರ ಹೋಗಿ ಎತ್ತಿಕೊಳ್ಳುತ್ತಿದ್ದೆವು. ಬೇರೆಯವರ ಮನೆಗೆ ಹೋದಾಗ ಮಾತ್ರ ನಾವು ಒಂದು ಕಡೆ ಬಾಗಿ ನಡೆಯುತ್ತಿದ್ದೆವಂತೆ. "ಉಪದೇಶಿ ಮನಿಯವ್ರು ಬಂದ್ರು ನೋಡು, ಗಾಳಿ ಬೀಸಾಕತ್ತೈತಿ" ಎಂದು ಚೇಷ್ಟೆ ಮಾಡುತ್ತಿದ್ದರು.

ಸಂಜೆ ಅಜ್ಜ ದೀಪದ ಮುಂದೆ ನಿಂತು ಆ ಮಾತು ಹೇಳುತ್ತಿದ್ದ. ಅವನ ದನಿ ದೊಡ್ಡದು, ಕೊನೆಯ 'ಇರುವುದು' ತೊಲೆಗೆ ತಾಗಿ ಇಳಿದು ಬರುತ್ತಿತ್ತು. ಅಜ್ಜಿ ರಾಹೇಲವ್ವ ಒಲೆಯ ಮುಂದಿನಿಂದಲೇ 'ಆಮೆನ್' ಎನ್ನುತ್ತಿದ್ದಳು. ಅವಳು ಕುಳಿತದ್ದನ್ನು ನಾನು ಕಂಡ ನೆನಪು ಕಡಿಮೆ. ಕೊಡ, ಕಟ್ಟಿಗೆ, ಯಾರದೋ ಕೂಸು, ಏನಾದರೂ ಒಂದು ಅವಳ ಮೈಮೇಲೆ ಇರುತ್ತಿತ್ತು. ಕೊನೆಯ ವರ್ಷ ಎದೆನೋವು ಬಂದಾಗ ಅತ್ತೆ, "ಒಂದೀಟು ಅಡ್ಡಾಗಬೇ, ಕೊಡ ಇಳಸು" ಎಂದು ಕೈಮುಗಿದಿದ್ದಳು. ಅಜ್ಜಿ ನಕ್ಕು, "ಇಳಿಸಿದ್ರ ದೇವರು ಕೈ ತಗೀತಾನಲ್ಲವಾ" ಎಂದಳು. ಕೊಡ ಸೊಂಟದ ಮೇಲಿರುವಾಗಲೇ ಹಿತ್ತಲ ಬಾಗಿಲಲ್ಲಿ ಕುಸಿದಳು. ನನಗಾಗ ಎಂಟು ವರ್ಷ.

ಅಜ್ಜನೂ ಹೋದ ಮೇಲೆ, ಹಳೆಯ ಪ್ರಾರ್ಥನಾಲಯ ಇಕ್ಕಟ್ಟಾಗಿ ಹೊಸದನ್ನು ಕಟ್ಟುವ ಮಾತು ಬಂತು. ಸಭೆಯ ಹಿರಿಯ ದೇವಪುತ್ರಪ್ಪ ನಾಲ್ಕು ಜನರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅಜ್ಜನ ಶಿಷ್ಯ. ಕಾಲಿಲ್ಲದ ತಂದೆಯನ್ನು ಹನ್ನೆರಡು ವರ್ಷ ಹೆಗಲ ಮೇಲೆ ಹೊತ್ತು ಆರಾಧನೆಗೆ ತಂದವರು. "ಉಪದೇಶಿಗಳ ಮಾತಿನ ಮ್ಯಾಲೆ ಹೊಸ ಗುಡಿ ನಿಲ್ಲಬೇಕಂತ ಎಲ್ಲಾರ ಆಸೆ ಐತ್ರಿ ಅಕ್ಕಾರ. ಮೂಲೆಗಲ್ಲಿನ ಮ್ಯಾಲೆ ಕೆತ್ತಬೇಕಲ್ರೀ, ಅಧ್ಯಾಯ ಯಾವುದು, ವಚನ ಎಷ್ಟನೇದು, ಒಂದೀಟು ನೋಡಿ ಹೇಳ್ರಿ" ಎಂದರು. ಅತ್ತೆ ಸಂತೋಷದಿಂದ ಒಪ್ಪಿದಳು. ಎಲ್ಲಿದೆ ಎಂದು ಅವಳು ಅಲ್ಲಿಯತನಕ ನೋಡಿರಲಿಲ್ಲ. ಊರಿನ ಪ್ರತಿ ಮನೆಯ ವಚನಕ್ಕೂ ಬೆರಳಿಟ್ಟವಳು, ತನ್ನ ಮನೆಯದಕ್ಕೆ ಮಾತ್ರ ಇಟ್ಟಿರಲಿಲ್ಲ. ಉಪದೇಶಿಯ ಮನೆಯದನ್ನು ಯಾರು ತಿರುವಿ ನೋಡುತ್ತಾರೆ?

ಮೊದಲನೆಯ ಓದಿನಲ್ಲಿ ಸಿಗದಿದ್ದಾಗ, "ಕಣ್ಣು ಮಂಜಾಗ್ಯಾವು" ಎಂದಳು. ಎರಡನೆಯದನ್ನು ದೀಪ ಹತ್ತಿರ ಎಳೆದುಕೊಂಡು ಓದಿದಳು. ಮೂರನೆಯದು ಮುಗಿದ ಆ ಮಧ್ಯಾಹ್ನ ಹೊಸ್ತಿಲಿನಿಂದ ಎದ್ದು, "ಸಲೋಮಿ, ಸೆರಗು ಹೊದ್ಕೊಂಡು ಬಾ" ಎಂದು ನನ್ನನ್ನು ಕರೆದುಕೊಂಡು ಗೌಂಡಿ ಎಲೀಯನ ಮನೆಗೆ ನಡೆದಳು. ನಲವತ್ತೈದು ವರ್ಷದ ಹಿಂದೆ ನಮ್ಮ ಮನೆಯ ಮೊದಲ ಕಲ್ಲು ಇಟ್ಟವನು ಅವನು. ಆಗ ಮೀಸೆ ಚಿಗುರುವ ವಯಸ್ಸಂತೆ. ಈಗ ಹಲ್ಲಿನ ನಡುವೆ ಗಾಳಿ ಹೋಗುತ್ತಿತ್ತು.

ಅತ್ತೆ ಸುತ್ತಿಬಳಸಲಿಲ್ಲ. "ಕಾಕಾ, ನಮ್ಮ ಪಾಯದ ದಿನ ಅಪ್ಪ ಏನಂದ?"

ಎಲೀಯ ಅಂಗೈಯ ಗೀರುಗಳನ್ನು ನೋಡಿಕೊಂಡ. "ಕೇಳಾಕ ಇಷ್ಟ ವರ್ಷ ಬೇಕಾತೇನವಾ?" ಎಂದ. ಆಮೇಲೆ ಹೇಳಿದ. "ನಿಮ್ಮಪ್ಪಾರು ವಚನ ಒಂದು ಚೀಟಿಗೆ ಬರದು ಅಂಗಿ ಕಿಸೇದಾಗ ಇಟ್ಟಿದ್ರಂತ. ಹೊಸ ಮನಿ ಅಂತ ಹೊಸ ಅಂಗಿ ಹಾಕ್ಕೊಂಡು ಬಂದ್ರು, ಚೀಟಿ ಹಳೇದ್ರಾಗ ಉಳೀತು. ಮೊಣಕಾಲೂರ್ಯಾರ, ಬಾಯಿ ತಗದಾರ, ಮಾತ ಬರವಲ್ದು. ಜನ ನೋಡಾಕತ್ತೈತಿ. ಅಷ್ಟೊತ್ತಿಗೆ ನಿಮ್ಮವ್ವ ಹೆಗಲ ಮ್ಯಾಲೆ ಕಲ್ಲು ಹೊತ್ಕೊಂಡು ಬಂದ್ಳು. ಏಳು ತಿಂಗಳ ಬಸುರಿ, ನೀನ ಹೊಟ್ಟ್ಯಾಗ. ಅಕೀನ್ನ ನೋಡಿದ್ರು. ನೋಡಿ ಆ ಮಾತಂದ್ರು. ಎಷ್ಟು ಚಂದ ಅಂದ್ರಂದ್ರ, ಎಲ್ಲಾರಕಿಂತ ಮೊದ್ಲ ನಾನ ಆಮೆನ್ ಅಂದೆ. ಕಲ್ಲು ಇಟ್ಟಬಿಟ್ಟೆ."

"ಹೊತ್ತಾಕಿ ಅವ್ವ. ಹೊತ್ತವನ ಅಂತ ಯಾಕಂದ?"

"ಹತ್ತು ಮಂದಿ ಗಂಡಸ್ರ ಮುಂದ ಹೇಣ್ತೀನ್ನ ಎತ್ತಿ ಆಡ್ತಾರೇನವಾ, ಉಪದೇಶಿ ಆಗಿ?"

ಅತ್ತೆ ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. "ಮತ್ತ ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲ ನೀ?"

"ಉಪದೇಶಿಗೆ ವಚನ ಹೇಳಿಕೊಡೋ ಗೌಂಡಿ ಎಲ್ಲೆರ ಅದಾನೇನು?"

ಮರಳುವ ದಾರಿಯಲ್ಲಿ ಅವಳು ನನ್ನ ಜೊತೆ ಮಾತಾಡುತ್ತಿದ್ದಳೋ ತನ್ನೊಳಗೇ ಆಡಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. "ಎಂಥಾ ಚಂದ ಮಾತು ಅಂತೀನಿ. ಅವ್ವನ ಕಿವ್ಯಾಗ ಹೇಳಬೇಕಾಗಿತ್ತು ಅದನ್ನ. ಪಾಯದಾಗ ಹೇಳಿಬಿಟ್ಟ."

ಅಪ್ಪನಿಗೆ ವಿಷಯ ಹೇಳಿದಾಗ ಅವನು ಊಟದ ತಟ್ಟೆ ಬಿಟ್ಟು ಎದ್ದ. ಅಪ್ಪನ ಹೆಸರು ಸೀಲಪ್ಪ. ಕೋಪ ಬಂದರೆ ದನಿ ಅಜ್ಜನದೇ. "ಯಕ್ಕಾ, ಯಾವುದರ ಒಂದು ನಂಬರ್ ಹೇಳಿಬಿಡು. ಯಾರು ತಗದು ನೋಡ್ತಾರ?"

"ಅದಕ್ಕ ಅಂಜಿಕಿ ನನಗ, ಸೀಲಾ. ಯಾರೂ ತಗದು ನೋಡಂಗಿಲ್ಲ."

"ಊರ ಮುಂದ ಅಪ್ಪನ್ನ ಸುಳ್ಳಗಾರ ಮಾಡ್ತಿಯೇನು? ನಾಳೆ ಮಂದಿ, ಈ ಉಪದೇಶಿ ಕಲಿಸಿದ್ರಾಗ ಇನ್ನೆಷ್ಟು ಹಿಂಥಾವು ಅದಾವೋ ಅಂತಾರ. ನಿನ್ನ ಮಾತು ಯಾರು ಕೇಳ್ತಾರ ಆಮ್ಯಾಲೆ?"

"ಕೇಳಲಿಕ್ಕಿಲ್ಲ."

"ಮಾತರ ಏನ ಕೆಟ್ಟದ್ದೈತಿ? ಒಳ್ಳೇದ ಐತಲ್ಲ!"

ಅತ್ತೆ ಆಗ ಅವನ ಕೈಹಿಡಿದು ಕೂರಿಸಿದಳು. "ಬೆರೋಯದ ಮಂದಿ ಕತಿ ಅಪ್ಪ ಎಷ್ಟು ಸಲ ಹೇಳಿಲ್ಲ ನಮಗ? ಪೌಲ ಬಂದು ಹೇಳಿದ್ರೂ ಅವ್ರು ಗ್ರಂಥ ತಗದು ನೋಡಿದ್ರು. ನನ್ನದೇನು ದೊಡ್ಡದು, ನಾ ಹೇಳಿದ್ದೂ ನೋಡ್ಕೊಳ್ರಿ ಅಂತಿದ್ದ ಅಪ್ಪ. ನಾವು ನೋಡಲಿಲ್ಲ. ಅವ್ವನೂ ನೋಡಲಿಲ್ಲ, ಅಕಿಗೆ ಓದಾಕ ಬರ್ತಿರಲಿಲ್ಲ. ನೋಡಿದ್ರ ಅಕಿಗೆ ಇದು ಸಿಗತಿತ್ತು." ಹೀಗೆಂದು ಅವಳು ಮತ್ತಾಯನ ಹನ್ನೊಂದನೆಯ ಅಧ್ಯಾಯ ತೆಗೆದಳು. ಹೊರೆ ಹೊತ್ತವರನ್ನು ತನ್ನ ಹತ್ತಿರ ಕರೆದು ವಿಶ್ರಾಂತಿ ಕೊಡುತ್ತೇನೆ ಎಂದು ಸ್ವಾಮಿ ಹೇಳುವ ಆ ಸಾಲಿನ ಮೇಲೆ ತಮ್ಮನ ಬೆರಳು ಇಟ್ಟಳು. "ಇಳಸು ಅಂತಾನ ಇವ. ಅಪ್ಪನ ಮಾತು ಹೊರು ಅಂತೈತಿ. ಮೂವತ್ತ್ ಮೂರು ವರ್ಷ ಅವ್ವ ದಿನಾ ಸಂಜೀಕ ಯಾವುದಕ್ಕ ಆಮೆನ್ ಅಂದ್ಳು, ನೀನ ಹೇಳು."

ಹೊತ್ತು ಮುಳುಗುತ್ತಿತ್ತು. ನನ್ನ ಅವ್ವ ದೀಪ ಹಚ್ಚಿದಳು. ಆವತ್ತು ಅಜ್ಜನ ಮಾತಿನ ಬದಲು ಅಪ್ಪ ಬೆರಳಿಟ್ಟಲ್ಲಿಂದಲೇ ಓದಿದ, ದನಿ ತೊಲೆಯ ತನಕ ಹೋಗಲಿಲ್ಲ. ನಾವು ಆಮೆನ್ ಅಂದೆವು.

ಬೆಳಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟವಳು ನಾನು ಮುಗ್ಗರಿಸಿದೆ. ನೆಲ ಸಮನಾಗಿತ್ತು. ಅಭ್ಯಾಸಬಲದಿಂದ ಒಂದು ಕಡೆ ಬಾಗಿ ನಡೆದು ಅವ್ವ ಗೋಡೆಗೆ ಭುಜ ಬಡಿಸಿಕೊಂಡಳು. ತಟ್ಟೆಯ ಮೇಲ್ಗಡೆ ಅಂಚಿಗೆ ಹಾಕಿದ ಸಾರು ಅಲ್ಲಿಯೇ ನಿಂತಿತು, ಅನ್ನದ ಕಡೆ ಬರಲಿಲ್ಲ. ನಮಗೆಲ್ಲ ನಗು ಬಂತು. ಅಜ್ಜನ ಫೋಟೋ ಗೋಡೆಗೆ ಅಂಟಿಕೊಂಡಿದ್ದನ್ನು ನೋಡಿದಾಗ ನಗು ನಿಂತಿತು. ಬಾಗಿ ಮಾತಾಡಿಸುತ್ತಿದ್ದವನು ಹಿಂದೆ ಸರಿದು ನಿಂತ ಹಾಗಿತ್ತು. ಅಪ್ಪ ಮಂಚದ ಕಾಲಿನ ಕೆಳಗಿನ ಹಂಚಿನ ಚೂರುಗಳನ್ನು ತೆಗೆದು, ಎಸೆಯದೆ, ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದ. ಲಿಂಬೆಹಣ್ಣು ಬಿದ್ದರೆ ಇನ್ನು ಹುಡುಕಬೇಕಲ್ಲ ಎಂದು ನನಗನ್ನಿಸಿತು. ನಿಜ ಹೇಳಬೇಕೆಂದರೆ, ಇವತ್ತಿಗೂ ಕನಸಿನಲ್ಲಿ ಬರುವುದು ಆ ವಾಲಿದ ಮನೆಯೇ.

ಊರಿನವರು ಬಂದು ನೋಡಿದರು. "ಕೆರಿ ಮಣ್ಣು ಒಣಗಿರಬೇಕು" ಎಂದರು.

ಪ್ರಾರ್ಥನಾಲಯದ ಪಾಯದ ದಿನ ಊರಿಗೆ ಊರೇ ನೆರೆದಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು. ಅವರು ಕೂತು ಬಾಯಿಪಾಠ ಕಲಿಯಬೇಕಾದ ನೆಲ ಅದು. ಮೂಲೆಗಲ್ಲಿನ ಮೇಲೆ ಅಜ್ಜನ ಮಾತನ್ನು ಕೆತ್ತಿ ಆಗಿತ್ತು, ಅಂಕಿಯ ಜಾಗ ಖಾಲಿ ಬಿಟ್ಟಿದ್ದರು. ಎಲೀಯ ಮೊದಲ ಕಲ್ಲು ಹಿಡಿದಿದ್ದ. ಅವನು ಅತ್ತೆಯ ಮುಖ ನೋಡಲಿಲ್ಲ. ದೇವಪುತ್ರಪ್ಪ ಕೈಯಲ್ಲಿ ಸೀಮೆಸುಣ್ಣ ಹಿಡಿದು, "ಹೇಳ್ರಿ ಅಕ್ಕಾರ, ಅಧ್ಯಾಯ" ಎಂದರು.

"ಇಲ್ರೀ" ಎಂದಳು ಅತ್ತೆ. "ಸತ್ಯವೇದದಾಗ ಆ ಮಾತು ಇಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗುಜುಗುಜು ಎದ್ದಿತು. "ಸರಿಯಾಗಿ ನೋಡೀರೇನ್ರೀ?" ಎಂದ ಸಿಮೆಯೋನ. "ಮೂರು ಸಲ ಓದೀನಿ" ಎಂದಳು. "ನಾಕನೇ ಸಲ ಓದ್ರಿ ಮತ್ತ!" ಎಂದು ಹಿಂದಿನಿಂದ ಯಾರೋ ಕೂಗಿದರು, ಕೆಲವರು ನಕ್ಕರು. ಒಬ್ಬಳು ಮುದುಕಿ, "ಅಪ್ಪ ಸತ್ತ ಮ್ಯಾಲೆ ಮಗಳು ಶ್ಯಾಣೇ ಆದ್ಳು" ಎಂದಳು. ಅಪ್ಪ ತಲೆ ತಗ್ಗಿಸಿದ. ಅತ್ತೆ ಪುಸ್ತಕವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು. "ನನ್ನ ಬಾಯಿ ನಂಬಬ್ಯಾಡ್ರಿ. ತಗೋರಿ, ನೀವ ನೋಡ್ರಿ." ಯಾವ ಕೈಯೂ ಮುಂದೆ ಬರಲಿಲ್ಲ.

ದೇವಪುತ್ರಪ್ಪ ಸೀಮೆಸುಣ್ಣ ಕೆಳಗಿಟ್ಟು ಹತ್ತಿರ ಬಂದರು. ಅವರ ಕಣ್ಣು ತುಂಬಿದ್ದವು. "ಅಕ್ಕಾರ, ನಂಬರ್ ಬ್ಯಾಡ. ಆ ಜಾಗಾ ಹಂಗ ಖಾಲಿ ಇರ್ಲಿ. ನಮ್ಮಪ್ಪನ್ನ ಹೊತ್ಕೊಂಡು ಈ ದಾರೀಲೆ ಬರೂವಾಗ, ಪ್ರತಿ ಹೆಜ್ಜಿಗೂ ಆ ಮಾತು ಹೇಳ್ಕೊಂಡು ಬಂದೀನ್ರಿ ನಾ. ಅದು ಸುಳ್ಳಂತ ನನಗ ಅನ್ನಿಸಬ್ಯಾಡ್ರಿ. ನಿಮ್ಮ ಬಾಯಿಲೆ ಒಂದ ಸಲ ಪಾಯದಾಗ ಹೇಳಿಬಿಡ್ರಿ. ಉಪದೇಶಿಗಳ ಮಗಳು ಹೇಳಿದ್ರ ಸಾಕು ನಮಗ, ಬ್ಯಾರೇ ಏನೂ ಬ್ಯಾಡ."

ಗುಜುಗುಜು ನಿಂತಿತು. ಅತ್ತೆ ಪಾಯದ ಅಂಚಿಗೆ ಬಂದಳು. ಅವಳ ತುಟಿ ಅಲುಗಾಡಿದ್ದು ನನಗೆ ಕಾಣಿಸಿತು. ಹುಟ್ಟಿದಾಗಿನಿಂದ ಸಂಜೆಗೊಮ್ಮೆ ಕೇಳಿದ ಮಾತು ಅದು, ಬಿಟ್ಟರೆ ತಾನಾಗಿ ಹೊರಬರುತ್ತಿತ್ತು. ಅವಳು ತುಟಿ ಒತ್ತಿ ಹಿಡಿದಳು. ಸಾಲಾಗಿ ನಿಂತ ಮಕ್ಕಳ ಕಡೆ ನೋಡಿದಳು. ಆಮೇಲೆ ತಿರುಗಿ, ತನಗಿಂತ ಹತ್ತು ವರ್ಷ ದೊಡ್ಡವರಾದ ದೇವಪುತ್ರಪ್ಪನವರ ಹೆಗಲ ಮೇಲೆ, ತಂದೆಯನ್ನು ಹೊತ್ತ ಆ ಹೆಗಲ ಮೇಲೆ, ಕೈ ಇಟ್ಟಳು.

"ಅಣ್ಣಾ, ಅದು ನಮ್ಮಪ್ಪ ನಮ್ಮವ್ವಗ ಅಂದ ಮಾತು. ನಿಮಗೂ ಉಪಯೋಗಕ್ಕ ಬಂತು, ದೇವರಿಗೆ ಸ್ತೋತ್ರ. ದಾರ್ಯಾಗ ಹೇಳ್ಕೋರಿ, ಮನ್ಯಾಗ ಹೇಳ್ಕೋರಿ, ನಿಮ್ಮ ಜೋಡಿ ನಾನೂ ಹೇಳ್ತೀನಿ. ಪಾಯದಾಗ ಮಾತ್ರ ನಾ ಹೇಳಂಗಿಲ್ಲ."